ಜಾರಿದ ಅಯನ, ನಿಂತ ರಾಶಿ

ಧನುರ್ಮಾಸ ಹೊಕ್ಕ ಐದಾರು ದಿನಗಳೊಳಗೆ, ಡಿಸೆಂಬರ್ 21 ಅಥವಾ 22ರಂದು, ಮಟ್ಟಸವಾದ ಅಂಗಳದಲ್ಲಿ ನೇರವಾದ ಕೋಲೊಂದನ್ನು ನೆಟ್ಟು ಮಧ್ಯಾಹ್ನದ ನೆರಳನ್ನು ಅಳೆದು ನೋಡುವ ಯಾರಿಗಾದರೂ, ವರ್ಷದ ಅತ್ಯಂತ ದೀರ್ಘವಾದ ಮಧ್ಯಾಹ್ನಚ್ಛಾಯೆ ಆ ದಿನದ್ದೇ ಎಂಬುದೂ, ಅಲ್ಲಿಂದ ಮುಂದೆ ಅದು ದಿನದಿನಕ್ಕೆ ಮೊಟಕಾಗುತ್ತ ಹೋಗುವುದೆಂಬುದೂ ಪ್ರತ್ಯಕ್ಷವಾಗುವುವು. ಸೂರ್ಯನು ದಕ್ಷಿಣದ ಗಡಿಯನ್ನು ಮುಟ್ಟಿ ಉತ್ತರಕ್ಕೆ ತಿರುಗುವ ದಿನ ಅದೇ. ಆದರೆ ನಮ್ಮ ಪಂಚಾಂಗಗಳು ಉತ್ತರಾಯಣ ಪುಣ್ಯಕಾಲವನ್ನು ಬರೆಯುವುದು ಜನವರಿ 14 ಅಥವಾ 15ರಂದು. ಎಳ್ಳುಬೆಲ್ಲ ಬೀರುವುದೂ, ಸಿಂಗರಿಸಿದ ದನಗಳನ್ನು ಕಿಚ್ಚು ಹಾಯಿಸುವುದೂ, ನದೀಸ್ನಾನವೂ ದಾನವೂ ಆ ದಿನವೇ. ನೆರಳು ಹೇಳುವ ಅಯನಕ್ಕೂ ಪಂಚಾಂಗ ಹೇಳುವ ಅಯನಕ್ಕೂ ನಡುವೆ ಇಂದು ಹತ್ತಿರ ಹತ್ತಿರ 24 ದಿನಗಳ ಅಂತರವಿದೆ.

ಈ ಅಂತರ ಯಾವಾಗಲೂ ಇಷ್ಟೇ ಇದ್ದುದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳನ್ನು ತಿರುವಿದವರಿಗೆ ಉತ್ತರಾಯಣ ಸಂಕ್ರಾಂತಿಯ ಉಲ್ಲೇಖ ಅಪರಿಚಿತವಲ್ಲ. ದೇವಾಲಯದ ಆಚಾರ್ಯರ ಕಾಲಂ ಕರ್ಚಿ, ಧಾರಾಪೂರ್ವಕವಾಗಿ ಭೂಮಿಯನ್ನೋ ಸುಂಕದ ಆದಾಯವನ್ನೋ ಬಿಟ್ಟುಕೊಡಲು ಆ ಪರ್ವಕ್ಕಿಂತ ಪ್ರಶಸ್ತವಾದ ಮುಹೂರ್ತವಿಲ್ಲವೆಂದು ಮಹಾಮಂಡಲೇಶ್ವರರೂ ದಂಡನಾಯಕರೂ ಸೆಟ್ಟಿಗಳೂ ಸಮಾನವಾಗಿ ನಂಬಿದ್ದರು. ಆ ಶಾಸನಗಳಲ್ಲಿರುವ ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ಒಂದಕ್ಕೊಂದು ಹೊಂದಿಸಿ ಗಣಿಸಿದಾಗ, ಹನ್ನೊಂದು ಹನ್ನೆರಡನೆಯ ಶತಮಾನಗಳ ಸಂಕ್ರಾಂತಿ ಅಂದಿನ ಜೂಲಿಯನ್ ಲೆಕ್ಕದ ಡಿಸೆಂಬರ್ 24 ಅಥವಾ 25ಕ್ಕೆ ಬೀಳುವುದು. ನೈಜವಾದ ಅಯನವು ಅದೇ ಲೆಕ್ಕದಲ್ಲಿ ಡಿಸೆಂಬರ್ 15ರ ಸುಮಾರಿಗೆ ಮುಗಿದಿರುತ್ತಿತ್ತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ದತ್ತಿ ಬಿಟ್ಟವನಿಗೂ ಆಕಾಶಕ್ಕೂ ನಡುವಣ ವ್ಯತ್ಯಾಸ ಒಂಬತ್ತು ಹತ್ತು ದಿನಗಳಷ್ಟೆ; ನಮ್ಮದು ಅದರ ಎರಡೂವರೆ ಪಾಲು. ಇನ್ನೂ ಸಮೀಪದ ಸಾಕ್ಷ್ಯ ಬೇಕೆಂದರೆ, ಸ್ವಾಮಿ ವಿವೇಕಾನಂದರು ಮಕರ ಸಂಕ್ರಾಂತಿಯ ದಿನ ಹುಟ್ಟಿದವರು. ಅವರ ಜನ್ಮದಿನವಾದರೋ 1863ರ ಜನವರಿ 12. ಒಂದೂವರೆ ಶತಮಾನದ ಅವಧಿಯಲ್ಲಿ ಹಬ್ಬವು ಎರಡು ಮೂರು ದಿನ ಮುಂದಕ್ಕೆ ಸರಿದಿರುವುದನ್ನು ಶಾಲಾಬಾಲಕನೂ ಗೋಡೆಯ ಕ್ಯಾಲೆಂಡರಿನಲ್ಲಿ ಕಾಣಬಹುದು.

ಇದರ ಕಾರಣ ಭೂಮಿಯ ಅಕ್ಷದಲ್ಲಿದೆ. ಭೂಮಿ ಪೂರ್ಣಗೋಲವಲ್ಲ, ಅದರ ಸಮಭಾಜಕ ವೃತ್ತದ ವ್ಯಾಸವು ಧ್ರುವಗಳ ನಡುವಣ ವ್ಯಾಸಕ್ಕಿಂತ ಸುಮಾರು 43 ಕಿಲೋಮೀಟರುಗಳಷ್ಟು ಹೆಚ್ಚು. ಉಬ್ಬಿದ ಈ ನಡುವನ್ನು ಚಂದ್ರ ಸೂರ್ಯರು ಓರೆಯಾಗಿ ಸೆಳೆಯುವುದರಿಂದ, ವೇಗ ಕುಂದದೆ ತಿರುಗುತ್ತಿರುವ ಬುಗುರಿಯು ತನ್ನ ಮೊಳೆಯ ಮೇಲೆ ನಿಂತೇ ತಲೆಯನ್ನು ನಿಧಾನವಾಗಿ ಸುತ್ತುವಂತೆ, ಭೂಮಿಯ ಅಕ್ಷವು ಆಕಾಶದಲ್ಲಿ ಒಂದು ವೃತ್ತವನ್ನು ಬರೆಯುವುದು. ಆ ವೃತ್ತ ಮುಗಿಯಲು ಸುಮಾರು 25,770 ವರ್ಷಗಳು ಬೇಕು. ಅಕ್ಷದೊಂದಿಗೆ ವಿಷುವದ್ವೃತ್ತವೂ ತಿರುಗುವುದಾದ್ದರಿಂದ, ಅದು ಸೂರ್ಯನ ಮಾರ್ಗವಾದ ಕ್ರಾಂತಿವೃತ್ತವನ್ನು ಛೇದಿಸುವ ಸಂಪಾತಬಿಂದುಗಳು ನಕ್ಷತ್ರಗಳ ನಡುವೆ ವರ್ಷಕ್ಕೆ 50.3 ವಿಕಲೆಗಳಷ್ಟು, ಎಂದರೆ ಸುಮಾರು 72 ವರ್ಷಗಳಿಗೆ ಒಂದು ಅಂಶದಷ್ಟು, ಪಶ್ಚಿಮಕ್ಕೆ ಸರಿಯುತ್ತ ಹೋಗುವುವು. ಕಾರಣವನ್ನು 1687ರಲ್ಲಿ ನ್ಯೂಟನ್ ತೋರಿಸಿಕೊಟ್ಟನು. ಆದರೆ ಚಲನೆಯನ್ನು ಮನುಷ್ಯನು ಕಂಡುಕೊಂಡಿದ್ದು ಅದಕ್ಕೆ ಹದಿನೆಂಟು ಶತಮಾನಗಳ ಹಿಂದೆ. ದೂರದರ್ಶಕವಿಲ್ಲದೆ, ಬರಿಗಣ್ಣಿನಿಂದ, ಹಿಂದಿನವರು ಬರೆದಿಟ್ಟ ಸಂಖ್ಯೆಗಳ ಮೇಲಣ ವಿಶ್ವಾಸದಿಂದ.

ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಗ್ರೀಕರ ಹಿಪ್ಪಾರ್ಕಸನು ಚಿತ್ರಾ ನಕ್ಷತ್ರದ ಸ್ಥಾನವನ್ನು ಅಳೆದು, ಅದು ಶರತ್ಸಂಪಾತಕ್ಕೆ ಆರು ಅಂಶಗಳಷ್ಟು ಹಿಂದಿದೆಯೆಂದು ಕಂಡನು. ತನಗೆ ಒಂದೂವರೆ ಶತಮಾನ ಹಿಂದಿನ ತಿಮೋಖಾರಿಸನು ಅದೇ ಅಂತರವನ್ನು ಎಂಟು ಅಂಶಗಳೆಂದು ಬರೆದಿಟ್ಟಿದ್ದನು. ಇಂಥ ಸಂದರ್ಭದಲ್ಲಿ ಪೂರ್ವಿಕನ ಅಳತೆ ತಪ್ಪೆಂದು ತಳ್ಳಿಬಿಡುವುದು ಸುಲಭ. ಹಿಪ್ಪಾರ್ಕಸನು ಹಾಗೆ ಮಾಡದೆ ಇಬ್ಬರ ಮಾತನ್ನೂ ಸತ್ಯವೆಂದು ಇಟ್ಟುಕೊಂಡು, ಆಕಾಶವೇ ಸರಿದಿದೆಯೆಂಬ ನಿರ್ಣಯಕ್ಕೆ ಬಂದನು. ಮೂರು ಶತಮಾನಗಳಿಗೆ ಸಮೀಪಿಸಿದ ತರುವಾಯ ಟಾಲೆಮಿಯು ಆ ವಿಚಾರವನ್ನು ತನ್ನ ಮಹಾಗ್ರಂಥದಲ್ಲಿ ಸೇರಿಸಿದನು; ಮಾತ್ರವಲ್ಲ, ಮೇಷರಾಶಿಯ ಆರಂಭವನ್ನು ನಕ್ಷತ್ರಗಳಿಂದ ಬಿಡಿಸಿ ವಸಂತಸಂಪಾತಕ್ಕೆ ಕಟ್ಟಿಹಾಕಿದನು. ಪಾಶ್ಚಾತ್ಯ ಜ್ಯೋತಿಷವು ಇಂದಿಗೂ ಆ ಕಟ್ಟಿನಲ್ಲಿಯೇ ಇದೆ. ಅಲ್ಲಿ ಮೇಷವೆಂದರೆ ಮೇಷದ ನಕ್ಷತ್ರಗಳಲ್ಲ, ವಸಂತದ ಮೊದಲ ಮೂವತ್ತು ಅಂಶಗಳು. ನಕ್ಷತ್ರಗಳು ಎಲ್ಲಿಗೆ ಹೋದರೂ ಆ ಪದ್ಧತಿಗೆ ಬಾಧಕವಿಲ್ಲ. ನಮ್ಮಲ್ಲಿ ಕಥೆ ಬೇರೆಯ ದಾರಿ ಹಿಡಿಯಿತು.

ಆ ದಾರಿಯ ಕವಲಿನಲ್ಲಿ ನಿಂತಿರುವವನು ವರಾಹಮಿಹಿರ. ಆರನೆಯ ಶತಮಾನದ ಈ ಅವಂತಿಯ ಪಂಡಿತನು ಗಣಿತದಲ್ಲಿ ಪಂಚಸಿದ್ಧಾಂತಿಕೆಯನ್ನೂ, ಜಾತಕದಲ್ಲಿ ಬೃಹಜ್ಜಾತಕವನ್ನೂ, ಸಂಹಿತೆಯಲ್ಲಿ ಬೃಹತ್ಸಂಹಿತೆಯನ್ನೂ ರಚಿಸಿ ಜ್ಯೋತಿಷದ ಮೂರು ಸ್ಕಂಧಗಳನ್ನೂ ಒಬ್ಬನೇ ಹೊತ್ತವನು. ಅವನ ಮುಂದೆ ಎರಡು ಪ್ರಮಾಣಗಳಿದ್ದುವು. ವೇದಾಂಗಜ್ಯೋತಿಷದ ಪ್ರಕಾರ ಸೂರ್ಯನು ಉತ್ತರಕ್ಕೆ ತಿರುಗುವುದು ಧನಿಷ್ಠೆಯ ಆದಿಯಲ್ಲಿ, ದಕ್ಷಿಣಕ್ಕೆ ತಿರುಗುವುದು ಆಶ್ಲೇಷೆಯ ಮಧ್ಯದಲ್ಲಿ. ಅವನ ಕಣ್ಣಿಗೆ ಕಂಡುದಾದರೋ ಹಾಗಲ್ಲ: ಉತ್ತರಾಯಣ ಮಕರದ ಆದಿಯಲ್ಲಿ, ದಕ್ಷಿಣಾಯನ ಕರ್ಕಾಟಕದ ಆದಿಯಲ್ಲಿ. ಇವೆರಡಕ್ಕೂ ನಡುವೆ 23 ಅಂಶಗಳಿಗೂ ಮಿಕ್ಕಿದ ಅಂತರ. 72 ವರ್ಷಕ್ಕೊಂದು ಅಂಶದಂತೆ ಎಣಿಸಿದರೆ ವೇದಾಂಗಜ್ಯೋತಿಷದ ಆ ವೀಕ್ಷಣೆ ವರಾಹಮಿಹಿರನಿಗಿಂತ ಸಾವಿರದ ಆರುನೂರು ಎಂಬತ್ತು ವರ್ಷಗಳ ಸುಮಾರಿಗೆ ಹಿಂದಿನದಾಗುವುದು. ವೇದದ ಅಂಗವೆಂದು ಪೂಜಿತವಾದ ಗ್ರಂಥದ ವಚನ ಒಂದು ಕಡೆ, ಪ್ರತ್ಯಕ್ಷ ಒಂದು ಕಡೆ. ವರಾಹಮಿಹಿರನು ಬೃಹತ್ಸಂಹಿತೆಯ ಆದಿತ್ಯಚಾರಾಧ್ಯಾಯದಲ್ಲಿ ಏನು ಮಾಡುವನೆಂಬುದನ್ನು ಸಾವಧಾನವಾಗಿ ನೋಡಬೇಕು. ಪೂರ್ವಶಾಸ್ತ್ರಗಳು ಹೇಳಿರುವುದರಿಂದ ಅದು ಒಂದು ಕಾಲದಲ್ಲಿ ನಿಶ್ಚಯವಾಗಿಯೂ ಹಾಗೆಯೇ ಇದ್ದಿರಬೇಕೆಂದು ಒಪ್ಪಿಕೊಂಡು, ಈಗ ಹಾಗಿಲ್ಲವೆಂದು ಸ್ಪಷ್ಟವಾಗಿ ನುಡಿದು, ಸಂಶಯವಿದ್ದವನು ಸ್ವತಃ ಪರೀಕ್ಷಿಸುವ ಉಪಾಯವನ್ನೂ ಹೇಳುವನು. ಉದಯದ ಅಥವಾ ಅಸ್ತದ ಹೊತ್ತಿನಲ್ಲಿ ದೂರದ ಒಂದು ಗುರುತಿನೊಂದಿಗೆ ಸೂರ್ಯನನ್ನು ಹೊಂದಿಸಿ ನೋಡಬೇಕು. ಇಲ್ಲವೆ ನೆಲದ ಮೇಲೆ ದೊಡ್ಡದೊಂದು ವೃತ್ತವನ್ನು ಬರೆದು, ನಡುವಣ ಶಂಕುವಿನ ನೆರಳ ತುದಿಯು ಬೆಳಿಗ್ಗೆ ಆ ವೃತ್ತವನ್ನು ಹೊಗುವ ಎಡೆಯನ್ನೂ ಮಧ್ಯಾಹ್ನದ ಮೇಲೆ ಹೊರಡುವ ಎಡೆಯನ್ನೂ ದಿನವೂ ಗುರುತುಮಾಡಿಕೊಳ್ಳಬೇಕು. ಸೂರ್ಯನು ತಿರುಗಿದ ದಿನ ಗುರುತುಗಳೂ ತಿರುಗುವುವು. ಇದಕ್ಕಿಂತ ಪ್ರಾಮಾಣಿಕವಾದ ಶಾಸ್ತ್ರವಾಕ್ಯಗಳು ನಮ್ಮ ಪರಂಪರೆಯಲ್ಲಿ ಹೆಚ್ಚಿಲ್ಲ.

ಆದರೆ ಅದೇ ಅಧ್ಯಾಯದಲ್ಲಿ, ಆ ಮಾತಿನ ಬೆನ್ನಿಗೇ, ವರಾಹಮಿಹಿರನೊಳಗಿನ ಫಲಜ್ಯೋತಿಷಿ ಎದ್ದು ಬರುವನು. ಸೂರ್ಯನು ಮಕರವನ್ನು ಮುಟ್ಟದೆಯೇ ಉತ್ತರಕ್ಕೆ ತಿರುಗಿದರೆ ದಕ್ಷಿಣ ಪಶ್ಚಿಮ ದಿಕ್ಕುಗಳಿಗೆ ನಾಶ. ಕರ್ಕಾಟಕವನ್ನು ಮುಟ್ಟದೆಯೇ ದಕ್ಷಿಣಕ್ಕೆ ತಿರುಗಿದರೆ ಉತ್ತರ ಪೂರ್ವಗಳಿಗೆ ನಾಶ. ದಾಟಿ ಮುಂದೆ ಹೋಗಿ ತಿರುಗಿದರೆ ಕ್ಷೇಮವೂ ಸಸ್ಯವೃದ್ಧಿಯೂ ಎಂದು ಅವನ ನಿರೂಪಣೆ. ಅಯನವು ಸರಿದಿದೆಯೆಂದು ಬಲ್ಲವನಿಗೆ ಅದು ಪ್ರತಿವರ್ಷವೂ ಒಂದೇ ಸಮನಾಗಿ ಸರಿಯುತ್ತಿದೆಯೆಂಬುದು ಗೋಚರಿಸಿರಲಿಲ್ಲ, ಸರಿಯುವಿಕೆ ಅವನಿಗೆ ನಿಯಮವಲ್ಲ, ವಿಕಾರ, ವಿಕಾರವಾದ್ದರಿಂದಲೇ ಉತ್ಪಾತ. ಅವನ ಮಾತನ್ನು ಅಕ್ಷರಶಃ ತೆಗೆದುಕೊಳ್ಳುವುದಾದರೆ, ಇಂದು ಸೂರ್ಯನು ಮಕರವನ್ನು ಮುಟ್ಟುವುದಿರಲಿ, ಧನುಸ್ಸಿನ ಆರನೆಯ ಅಂಶದಲ್ಲಿ, ಮೂಲಾ ನಕ್ಷತ್ರದಲ್ಲಿರುವಾಗಲೇ ಉತ್ತರಕ್ಕೆ ತಿರುಗುತ್ತಿರುವನು. ಅವನು ಮಕರಕ್ಕೆ ಮುನ್ನವೇ ತಿರುಗುತ್ತ ಬಂದು ಒಂದೂವರೆ ಸಾವಿರ ವರ್ಷಗಳಾದುವು. ಆ ಅವಧಿಯಲ್ಲಿ ದಕ್ಷಿಣದಿಕ್ಕಿನ ನಮ್ಮ ನಾಡಿನಲ್ಲಿ ಬಾದಾಮಿಯೂ ಮಾನ್ಯಖೇಟವೂ ದೋರಸಮುದ್ರವೂ ವಿಜಯನಗರವೂ ಅರಳಿದುವು. ಆ ಫಲಶ್ರುತಿಯನ್ನು ಅನಂತರದವರು ಮೆಲ್ಲಗೆ ಕೈಬಿಟ್ಟದ್ದು ಸಹಜವೇ ಆಗಿದೆ. ನನಗೆ ಮುಖ್ಯವಾಗಿ ತೋರುವುದೆಂದರೆ, ಅಳತೆಯೂ ಫಲವೂ ಒಂದೇ ಬುದ್ಧಿಯಲ್ಲಿ, ಒಂದೇ ಪುಟದಲ್ಲಿ ಕೂಡಿಕೊಂಡಿದ್ದುವೆಂಬುದು. ಅವುಗಳಲ್ಲಿ ಅಳತೆ ಉಳಿಯಿತು.

ಸಿದ್ಧಾಂತಕಾರರು ಅನಂತರ ಈ ಚಲನೆಗೆ ಗಣಿತದ ರೂಪವನ್ನು ಕೊಟ್ಟರು. ಇಂದು ದೊರೆಯುವ ಸೂರ್ಯಸಿದ್ಧಾಂತವು ಕಲಿಯುಗದ 3600 ವರ್ಷಗಳು ಕಳೆದ ಕಾಲವನ್ನು, ಎಂದರೆ ಕ್ರಿಸ್ತಶಕ 499ನ್ನು, ಅಯನಾಂಶ (ನಕ್ಷತ್ರಗಳಿಗೆ ಅಂಟಿದ ಮೇಷಾದಿಗೂ ವಸಂತಸಂಪಾತಕ್ಕೂ ನಡುವಣ ಅಂತರ) ಶೂನ್ಯವಾಗಿದ್ದ ವರ್ಷವೆಂದು ಇಟ್ಟುಕೊಂಡು, ವರ್ಷಕ್ಕೆ 54 ವಿಕಲೆಗಳ ಗತಿಯನ್ನು ವಿಧಿಸುವುದು. ಸಂಪಾತವು ಸುತ್ತು ಬರುವುದಿಲ್ಲ, ಮಧ್ಯದಿಂದ ಇತ್ತ 27 ಅಂಶ ಅತ್ತ 27 ಅಂಶ ತೂಗಾಡುವುದು ಎಂಬುದು ಆ ಗ್ರಂಥದ ಮತ. ಇದಕ್ಕೆ ಒಂದು ಮಾನುಷವಾದ ಕಾರಣವನ್ನು ನಾನು ಊಹಿಸಬಲ್ಲೆ: ಸಂಪಾತವು ಪೂರ್ಣವಾಗಿ ಸುತ್ತುವುದಾದರೆ ಒಂದು ಕಾಲದಲ್ಲಿ ಚೈತ್ರವು ಶರತ್ಕಾಲಕ್ಕೂ ಆಶ್ವಯುಜವು ವಸಂತಕ್ಕೂ ಹೋಗಿಬಿಡಬೇಕು, ಮಾಸ ಮತ್ತು ಋತುಗಳ ನಂಟು ಅಷ್ಟು ದೂರ ಹರಿದುಹೋಗುವುದನ್ನು ಧರ್ಮಶಾಸ್ತ್ರವನ್ನು ಬಲ್ಲ ಮನಸ್ಸು ಒಪ್ಪಲಾರದೆ ಹೋಗಿರಬೇಕು. ಎಲ್ಲರೂ ಹಾಗೆ ಎಣಿಸಲಿಲ್ಲ. ಮುಂಜಾಲನ ಮತವೆಂದು ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲಿ ಉದಾಹರಿಸುವ ಲೆಕ್ಕದಲ್ಲಿ ಕಲ್ಪವೊಂದರಲ್ಲಿ 1,99,669 ಪೂರ್ಣ ಭಗಣಗಳು; ಎಂದರೆ ತೂಗಾಟವಲ್ಲ, ಪೂರ್ಣಪರಿಭ್ರಮಣವೇ; ಗತಿ ವರ್ಷಕ್ಕೆ 59.9 ವಿಕಲೆ. ಭಾಸ್ಕರರು ತಮ್ಮ ಮುಪ್ಪಿನ ಕೃತಿಯಾದ ಕರಣಕುತೂಹಲದಲ್ಲಿ, 1183ರಲ್ಲಿ, ಅಯನಾಂಶವನ್ನು 11 ಅಂಶಗಳೆಂದು ಹಿಡಿದು ವರ್ಷಕ್ಕೆ ಒಂದು ಕಲೆಯನ್ನು ಸೇರಿಸಿಕೊಳ್ಳಿರೆಂದರು; 1520ರ ಗ್ರಹಲಾಘವದಲ್ಲಿ ಗಣೇಶ ದೈವಜ್ಞನು ಶಕ 444ನ್ನು ಶೂನ್ಯವರ್ಷವಾಗಿಟ್ಟು ಅದೇ ಒಂದು ಕಲೆಯ ಗತಿಯನ್ನು ಉಳಿಸಿಕೊಂಡನು. ದಖ್ಖನಿನ ಪಂಚಾಂಗಕರ್ತರ ಮನೆಗಳಲ್ಲಿ ತಲೆಮಾರುಗಳು ಗ್ರಹಲಾಘವವನ್ನು ಬಾಯಿಪಾಠ ಮಾಡಿಯೇ ಗಣಿತ ಕಲಿತುವು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಲಗ್ನವನ್ನೂ ದಿನಮಾನವನ್ನೂ ನೆರಳಿನ ಉದ್ದವನ್ನೂ ಗಣಿಸುವಾಗ ಈ ಆಚಾರ್ಯರೆಲ್ಲರೂ ಸೂರ್ಯನ ಸ್ಥಾನಕ್ಕೆ ಅಯನಾಂಶವನ್ನು ಕೂಡಿಸಿ ಸಾಯನವನ್ನು ಮಾಡಿಕೊಳ್ಳುವರು. ಏಕೆಂದರೆ ಅದಿಲ್ಲದೆ ಹಗಲಿನ ಉದ್ದ ಸರಿಬಾರದು. ಕೆಲಸ ಮುಗಿದ ಒಡನೆ ಕೂಡಿಸಿದ್ದನ್ನು ಕಳೆದು, ನಕ್ಷತ್ರಗಳಿಗೆ ಅಂಟಿದ ನಿರಯನ ರಾಶಿಗೆ ಹಿಂದಿರುಗುವರು. ಫಲವನ್ನು ಹೇಳುವುದೂ ಸಂಕ್ರಾಂತಿಯನ್ನು ಆಚರಿಸುವುದೂ ಆ ರಾಶಿಯಿಂದಲೇ. ಹೀಗೆ ಮೇಷಾದಿ ರಾಶಿಗಳಿಗೆ ಇಬ್ಬರು ಯಜಮಾನರು: ಋತು ಒಬ್ಬ, ನಕ್ಷತ್ರ ಒಬ್ಬ. ವೇದಾಂಗಜ್ಯೋತಿಷದಲ್ಲಿ ಈ ಹನ್ನೆರಡು ರಾಶಿಗಳಿರಲಿಲ್ಲ. ಯವನರ ಸಂಪರ್ಕದ ತರುವಾಯ ಅವು ನಮ್ಮಲ್ಲಿ ನೆಲೆನಿಂತುವೆಂಬುದಕ್ಕೆ ಕ್ರಿಯ, ತಾವುರಿ ಎಂಬ ಗ್ರೀಕ್ ಮೂಲದ ಹೆಸರುಗಳನ್ನು ವರಾಹಮಿಹಿರನೇ ಬೃಹಜ್ಜಾತಕದಲ್ಲಿ ಉಳಿಸಿಟ್ಟಿರುವುದು ಸಾಕ್ಷಿ. ಅವು ಇಲ್ಲಿ ಬೇರುಬಿಟ್ಟ ಕಾಲ ಮೂರರಿಂದ ಆರನೆಯ ಶತಮಾನದವರೆಗಿನದು. ಆ ಕಾಲದಲ್ಲಿ ಇಬ್ಬರು ಯಜಮಾನರ ಮಾತೂ ಸರಿಸುಮಾರು ಒಂದೇ ಆಗಿತ್ತು. ಮಕರದ ಆದಿಯೆಂದರೂ ಉತ್ತರಾಯಣವೆಂದರೂ ಒಂದೇ ದಿನ. ಯಾರನ್ನು ಅನುಸರಿಸಬೇಕೆಂಬ ಪ್ರಶ್ನೆಯೇ ಏಳದ ಆ ಹೊತ್ತಿನಲ್ಲಿ ಶಾಸ್ತ್ರದ ವಾಕ್ಯಗಳು ರಚಿತವಾದುವು. ಆಕಾಶದಲ್ಲಿ ಮೇಷದ ಮೊದಲ ಬಿಂದುವೆಂದು ಗೂಟ ಹೊಡೆದ ಸ್ಥಳವೊಂದಿಲ್ಲ. ಆ ಹೊತ್ತು ಯಾವ ವರ್ಷದ್ದೆಂದು ನಿರ್ಣಯಿಸುವುದರ ಮೇಲೆ ಎಲ್ಲವೂ ನಿಂತಿದೆ. ಆದಕಾರಣ ಅಯನಾಂಶದ ವಿವಾದವು ಬಹುಮಟ್ಟಿಗೆ ಖಗೋಲದ ವಿವಾದವೇ ಅಲ್ಲ, ಇತಿಹಾಸದ ವಿವಾದ. ದೂರದರ್ಶಕವೆಷ್ಟು ದೊಡ್ಡದಾದರೂ ಅದನ್ನು ಬಗೆಹರಿಸಲಾರದು.

ಹತ್ತೊಂಬತ್ತನೆಯ ಶತಮಾನದಲ್ಲಿ ಮುದ್ರಿತ ಪಂಚಾಂಗಗಳು ಬಂದಾಗ ಈ ವಿವಾದ ಬೀದಿಗೆ ಬಂದಿತು. ಹಳೆಯ ಕರಣಗ್ರಂಥಗಳಿಂದ ಗಣಿಸಿದ ಗ್ರಹಣವು ಹೇಳಿದ ಹೊತ್ತಿಗೆ ಹಿಡಿಯದಿದ್ದುದನ್ನು ಜನ ಕಣ್ಣಾರೆ ಕಾಣುತ್ತಿದ್ದರು. ಮದ್ರಾಸಿನ ವೇಧಶಾಲೆಯಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು ದೃಗ್ಗಣಿತ ಪಂಚಾಂಗವನ್ನು ಹೊರಡಿಸಿದರು. 1874ರ ಶುಕ್ರಸಂಕ್ರಮಣವನ್ನು ಕುರಿತ ಅವರ ಪುಸ್ತಿಕೆ ಕನ್ನಡದಲ್ಲಿಯೂ ಪ್ರಕಟವಾಯಿತೆಂಬುದು ನಮಗೆ ಸಂತೋಷದ ಸಂಗತಿ. ನಮ್ಮ ನರಗುಂದದಲ್ಲಿ 1854ರಲ್ಲಿ ಹುಟ್ಟಿದ ವೆಂಕಟೇಶ ಬಾಪೂಜಿ ಕೇತಕರರ ಸಾಧನೆ ಇನ್ನೂ ದೊಡ್ಡದು. ಉಪಾಧ್ಯಾಯವೃತ್ತಿಯಲ್ಲಿದ್ದ ಈ ಮಹನೀಯರು ಐರೋಪ್ಯ ಗಣಿತದ ಸೂಕ್ಷ್ಮತೆಯನ್ನು ಸಂಸ್ಕೃತ ಶ್ಲೋಕಗಳಲ್ಲಿ ಇಳಿಸಿ, ಜ್ಯೋತಿರ್ಗಣಿತವೆಂದೂ ಕೇತಕೀ ಗ್ರಹಗಣಿತವೆಂದೂ ಗ್ರಂಥಗಳನ್ನು ರಚಿಸಿದರು. ನೆಪ್ಚೂನಿನ ಆಚೆಗೂ ಗ್ರಹಗಳಿರಬೇಕೆಂದು 1911ರಲ್ಲಿ ಫ್ರಾನ್ಸಿನ ಖಗೋಲ ಸಂಘದ ಪತ್ರಿಕೆಯಲ್ಲಿ ಬರೆದರು. ಅಯನಾಂಶದ ವಿಷಯದಲ್ಲಿ ಅವರು ಚಿತ್ರಾಪಕ್ಷದವರು.

ಪಕ್ಷಗಳು ಎರಡು. ಸೂರ್ಯಸಿದ್ಧಾಂತವು ನಕ್ಷತ್ರಗಳ ಸ್ಥಾನಗಳನ್ನು ಕೊಡುವಲ್ಲಿ ಚಿತ್ರೆಯನ್ನು 180 ಅಂಶದಲ್ಲಿಯೂ, ರೇವತಿಯನ್ನು ರಾಶಿಚಕ್ರದ ತುದಿಗೆ ಹತ್ತು ಕಲೆ ಕಡಮೆಯಾಗುವಂತೆಯೂ ಇರಿಸಿದೆ. ಎರಡನ್ನೂ ಒಪ್ಪಿದರೆ ಅವು ಎದುರುಬದುರಾಗಿರಬೇಕು. ಆಕಾಶದಲ್ಲಿ ಅವು ಹಾಗಿಲ್ಲ. ರೇವತಿಯೆಂದು ಗುರುತಿಸಲಾದ ಮೀನದ ಮಸುಕು ತಾರೆಗೂ ಉಜ್ಜ್ವಲವಾದ ಚಿತ್ರೆಗೂ ಇರಬೇಕಾದ ಅಂತರಕ್ಕೆ ಸುಮಾರು ನಾಲ್ಕು ಅಂಶ ಕೊರತೆ. ಒಂದೇ ಗ್ರಂಥದ ಎರಡು ವಾಕ್ಯಗಳಲ್ಲಿ ಯಾವುದನ್ನು ಹಿಡಿಯಬೇಕು? ಮಹಾರಾಷ್ಟ್ರದಲ್ಲಿ ಲೋಕಮಾನ್ಯ ತಿಲಕರು ರೇವತೀಪಕ್ಷವನ್ನು ಬೆಂಬಲಿಸಿದರು. ಅವರ ಹೆಸರಿನ ಪಂಚಾಂಗವು ಅದರಂತೆಯೇ ನಡೆಯಿತು. ನಾಲ್ಕು ಅಂಶವೆಂದರೆ ಸಂಕ್ರಾಂತಿಯಲ್ಲಿ ನಾಲ್ಕು ದಿನದ ವ್ಯತ್ಯಾಸ. ಸಂಕ್ರಾಂತಿಯಿಲ್ಲದ ಚಾಂದ್ರಮಾಸವೇ ಅಧಿಕಮಾಸವಾದ್ದರಿಂದ, ಕೆಲವು ವರ್ಷಗಳಲ್ಲಿ ಒಂದು ಪಂಚಾಂಗಕ್ಕೆ ಅಧಿಕವಾದುದು ಇನ್ನೊಂದಕ್ಕೆ ನಿಜಮಾಸವಾಗಿ, ಒಂದೇ ಊರಿನ ಎರಡು ಮನೆಗಳಲ್ಲಿ ಗಣೇಶನ ಹಬ್ಬ ಒಂದು ತಿಂಗಳ ಅಂತರದಲ್ಲಿ ನಡೆಯಬಹುದು.

ಸ್ವತಂತ್ರ ಭಾರತದ ಸರಕಾರವು 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು, ಎನ್. ಸಿ. ಲಾಹಿರಿಯವರು ಅದರ ಕಾರ್ಯದರ್ಶಿ. 1955ರ ವರದಿಯು ಲೌಕಿಕ ವ್ಯವಹಾರಕ್ಕೆ ಋತುವನ್ನು ಬಿಡದ ರಾಷ್ಟ್ರೀಯ ಪಂಚಾಂಗವನ್ನು ರೂಪಿಸಿತು. ಅದು 1957ರ ಮಾರ್ಚ್ 22ರಂದು, ಶಕ 1879ರ ಚೈತ್ರದ ಮೊದಲ ದಿನ, ಜಾರಿಗೆ ಬಂದಿತು. ಜ್ಯೋತಿಷದ ಮಟ್ಟಿಗೆ 1956ರ ಮಾರ್ಚ್ 21ರ ಅಯನಾಂಶವನ್ನು 23 ಅಂಶ 15 ಕಲೆಯೆಂದು ನಿಶ್ಚಯಿಸಲಾಯಿತು. ಚಿತ್ರಾಪಕ್ಷಕ್ಕೆ ಅನುಗುಣವಾದ ಈ ಎಣಿಕೆಯಲ್ಲಿ ಶೂನ್ಯವರ್ಷ ಕ್ರಿಸ್ತಶಕ 285. ಋತುವಿನಿಂದ ಹಬ್ಬಗಳು ಮತ್ತಷ್ಟು ದೂರ ಸರಿಯದಂತೆ ತಡೆಯಬೇಕೆಂಬ ಸಾಹಾ ಅವರ ಕಳಕಳಿಗೆ ಮಠಮಂದಿರಗಳಲ್ಲಿ ಮನ್ನಣೆ ದೊರೆಯಲಿಲ್ಲ. ಅವರ ವಾದ ನ್ಯಾಯವಾದುದೆಂದೇ ನನ್ನ ನಂಬಿಕೆ; ಆದರೆ ಸಾವಿರ ವರ್ಷ ರೂಢಿಯಾದ ಪುಣ್ಯಕಾಲವನ್ನು ವರದಿಯೊಂದು ಬದಲಿಸಲಾರದೆಂಬುದನ್ನೂ ಒಪ್ಪಬೇಕು.

ಬೆಂಗಳೂರು ಈ ನಿರ್ಣಯವನ್ನು ಪೂರ್ತಿಯಾಗಿ ಸ್ವೀಕರಿಸಲಿಲ್ಲ. ತಾತ ಬಿ. ಸೂರ್ಯನಾರಾಯಣ ರಾಯರು 1895ರಲ್ಲಿ ಆರಂಭಿಸಿದ್ದ ಜ್ಯೋತಿಷ ಮಾಸಪತ್ರಿಕೆಯನ್ನು 1936ರಲ್ಲಿ ಪುನರುಜ್ಜೀವನಗೊಳಿಸಿದ ಬಿ. ವಿ. ರಾಮನ್ ಅವರು ಶೂನ್ಯವರ್ಷವನ್ನು 397 ಎಂದು ಹಿಡಿದರು. ಆದ್ದರಿಂದ ಅವರ ಅಯನಾಂಶ ಲಾಹಿರಿಯವರದಕ್ಕಿಂತ ಸುಮಾರು ಒಂದೂವರೆ ಅಂಶ ಕಡಮೆ. ಒಂದೂವರೆ ಅಂಶ ಅತ್ಯಲ್ಪವಾಗಿ ಕಾಣುವುದು. ಜಾತಕದಲ್ಲಿ ಅದು ಏನು ಮಾಡುವುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಭರಣಿಯಲ್ಲಿ ಹುಟ್ಟಿದ ಶಿಶುವಿಗೆ ಇಪ್ಪತ್ತು ವರ್ಷದ ಶುಕ್ರದಶೆ. ನಕ್ಷತ್ರದ ವಿಸ್ತಾರ 13 ಅಂಶ 20 ಕಲೆ. ಹುಟ್ಟುವಾಗ ಚಂದ್ರನು ಅದರಲ್ಲಿ ಎಷ್ಟು ಭಾಗ ಕ್ರಮಿಸಿದ್ದನೋ ಅಷ್ಟು ಭಾಗ ದಶೆ ಕಳೆದುಹೋದಂತೆ. ಒಂದೂವರೆ ಅಂಶವು ಆ ವಿಸ್ತಾರದ ಒಂಬತ್ತನೆಯ ಒಂದು ಪಾಲಾದ್ದರಿಂದ, ಒಂದು ಪದ್ಧತಿಯ ಪ್ರಕಾರ ಮುಗಿದ ಶುಕ್ರದಶೆ ಇನ್ನೊಂದರ ಪ್ರಕಾರ ಮುಗಿಯಲು ಎರಡು ವರ್ಷಕ್ಕೂ ಮಿಕ್ಕಿ ಬೇಕಾಗುವುದು; ಅಲ್ಲಿಂದ ಮುಂದಿನ ರವಿ, ಚಂದ್ರ, ಕುಜ ದಶೆಗಳೆಲ್ಲವೂ ಅಷ್ಟೇ ಅಂತರದಲ್ಲಿ ಸಾಲುಗಟ್ಟಿ ನಿಲ್ಲುವುವು. ವಿವಾಹವೋ ಉದ್ಯೋಗವೋ ಯಾವ ವರ್ಷ ಕೂಡಿಬರುವುದೆಂದು ಜಾತಕವನ್ನು ಮುಂದೊಡ್ಡಿ ಕುಳಿತ ತಾಯಿತಂದೆಯರಿಗೆ, ಉತ್ತರವು ಮೂರನೆಯ ಶತಮಾನವೋ ನಾಲ್ಕನೆಯ ಶತಮಾನವೋ ಎಂಬ ಆಯ್ಕೆಯಲ್ಲಿ ಅಡಗಿದೆಯೆಂದು ಯಾರೂ ತಿಳಿಸುವುದಿಲ್ಲ. ತಿಳಿಸುವುದು ಜ್ಯೋತಿಷಿಯ ಧರ್ಮವೆಂದು ನಾನು ಭಾವಿಸುತ್ತೇನೆ.

ಜಾತಕವನ್ನು ಬರೆಯಿಸದ ಬೇಸಾಯಗಾರನನ್ನೂ ಈ ಚಲನೆ ಬಿಟ್ಟಿಲ್ಲ. ನಮ್ಮ ರೈತರು ಮಳೆಯನ್ನು ಸೂರ್ಯನ ನಕ್ಷತ್ರದಿಂದ ಹೆಸರಿಸುವರು: ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರೆ ಮಳೆ, ಮಘೆ, ಹುಬ್ಬೆ, ಉತ್ತರೆ, ಚಿತ್ತೆ, ಸ್ವಾತಿ. ಇಂದು ಸೂರ್ಯನು ಆರ್ದ್ರೆಯನ್ನು ಹೊಗುವುದು ಜೂನ್ 22ರ ಸುಮಾರಿಗೆ. ವರಾಹಮಿಹಿರನ ಕಾಲದಲ್ಲಿ ಅದೇ ಪ್ರವೇಶ, ಋತುವಿನ ಲೆಕ್ಕದಲ್ಲಿ, ಇಂದಿನ ಮೇ ತಿಂಗಳ ಕೊನೆಯ ವಾರಕ್ಕೆ ಸಮ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಜೂನ್ ಮೊದಲ ವಾರದ ಅಂತ್ಯಕ್ಕೆ ಸಮ. ಮುಂಗಾರು ನಕ್ಷತ್ರವನ್ನು ನೋಡಿ ಬರುವುದಲ್ಲ, ಕಾದ ನೆಲವನ್ನೂ ಕಡಲನ್ನೂ ಅನುಸರಿಸಿ ಬರುವುದು. ಆದ್ದರಿಂದ ಇಂಥ ಮಳೆಗೆ ಇಂಥ ಬಿತ್ತನೆಯೆಂದು ನಿಯಮಿಸುವ ನಮ್ಮ ಹಳ್ಳಿಗಳ ಗಾದೆಗಳು, ಇಂದಿನ ರೂಪದಲ್ಲಿ, ಕೆಲವೇ ಶತಮಾನಗಳ ಹಿಂದಿನವಾಗಿರಬೇಕು. ಇಲ್ಲವೆ ಹಳೆಯ ಗಾದೆಯ ಆರಿದ್ರೆಯ ಸ್ಥಾನದಲ್ಲಿ ಅದಕ್ಕೆ ಹಿಂದಿನ ಮೃಗಶಿರವನ್ನು ತಲೆಮಾರುಗಳ ಅನುಭವವು ಸದ್ದಿಲ್ಲದೆ ಇರಿಸಿರಬೇಕು. ಎರಡನೆಯದೇ ನಡೆದಿರುವ ಸಂಭವ ಹೆಚ್ಚೆಂದು ನನಗೆ ತೋರುವುದು. ಹೊಲದಲ್ಲಿ ನಿಂತವನು ತಪ್ಪು ಅಯನಾಂಶವನ್ನು ಬಹುಕಾಲ ಸಹಿಸಲಾರ; ಅವನ ಬೀಜ ಒಣಗುವುದು. ಗಾದೆಗಳನ್ನು ಸಂಗ್ರಹಿಸುವ ಜಾನಪದ ವಿದ್ವಾಂಸರು ಸಂಗ್ರಹದ ವರ್ಷವನ್ನೂ ಊರನ್ನೂ ಜೊತೆಗೆ ಬರೆದಿಟ್ಟರೆ, ಮುಂದಿನ ಕಾಲದವರು ಈ ಪಲ್ಲಟವನ್ನು ಹಿಡಿದು ತೋರಿಸಬಲ್ಲರು.

ಬೆಂಗಳೂರಿನ ಗವಿಪುರದಲ್ಲಿರುವ ಗವಿಗಂಗಾಧರೇಶ್ವರ ದೇವಾಲಯವು ಈ ವಿಷಯದಲ್ಲಿ ಕಲ್ಲಿನ ಸಾಕ್ಷಿಯಾಗಿದೆ. ಮಕರ ಸಂಕ್ರಾಂತಿಯ ಸಾಯಂಕಾಲ ಅಸ್ತಕ್ಕೆ ಇಳಿಯುತ್ತಿರುವ ಸೂರ್ಯನ ಕಿರಣವು ನಂದಿಯ ಕೊಂಬುಗಳ ನಡುವೆ ಹಾಯ್ದು ಗವಿಯೊಳಗಣ ಲಿಂಗವನ್ನು ಮುಟ್ಟುವುದನ್ನು ನೋಡಲು ಸಾವಿರಾರು ಜನ ನೆರೆಯುವರು. ಆ ಬೆಳಕು ಜನವರಿ ಮಧ್ಯಭಾಗದಲ್ಲಿ ಮಾತ್ರವಲ್ಲದೆ ನವೆಂಬರ್ ಕೊನೆಯಲ್ಲಿಯೂ ಬೀಳುವುದೆಂಬುದನ್ನು ನಮ್ಮ ಖಗೋಲಜ್ಞರು ವೀಕ್ಷಿಸಿ ಪ್ರಕಟಿಸಿದ್ದಾರೆ. ಅದು ಸಹಜ; ಡಿಸೆಂಬರ್ 21ರ ತಿರುವಿಗೆ 24 ದಿನ ಹಿಂದೆಯೂ 24 ದಿನ ಮುಂದೆಯೂ ಸೂರ್ಯನು ಒಂದೇ ದಾರಿಯಲ್ಲಿ ಇಳಿಯುವನು. ಕಿರಣವು ಅನುಸರಿಸುವುದು ಋತುವಿನ ಸೂರ್ಯನನ್ನು, ಸಂಕ್ರಾಂತಿಯ ಮಕರವನ್ನಲ್ಲ. ಆ ಗುಡಿಯೊಂದಿಗೆ ಕೆಂಪೇಗೌಡರ ಹೆಸರು ಬೆಸೆದುಕೊಂಡಿದೆ; ಅವರ ಹದಿನಾರನೆಯ ಶತಮಾನದಲ್ಲಿ ಸಂಕ್ರಾಂತಿಯು ನೈಜ ಅಯನದ ಹದಿನಾರು ದಿನಗಳ ತರುವಾಯ ಬರುತ್ತಿದ್ದುದರಿಂದ, ಆ ಸಂಜೆಯ ಸೂರ್ಯನು ಇಂದಿನದಕ್ಕಿಂತ ಸುಮಾರು ಒಂದು ಅಂಶ, ಎಂದರೆ ಎರಡು ಸೂರ್ಯಬಿಂಬಗಳಷ್ಟು, ದಕ್ಷಿಣಕ್ಕೆ ಇಳಿಯುತ್ತಿದ್ದನು. 1792ರ ವೇಳೆಗೆ ಇಲ್ಲಿಗೆ ಬಂದ ಡೇನಿಯಲ್ ಚಿತ್ರಕಾರರು ಬರೆದ ಆ ದೇವಾಲಯದ ಚಿತ್ರಗಳಿಗೂ ಇಂದಿನ ಕಟ್ಟಡಕ್ಕೂ ವ್ಯತ್ಯಾಸಗಳಿವೆ. ಬೆಳಕಿನ ದಾರಿ ಮೊದಲು ಯಾವ ದಿನಕ್ಕೆಂದು ಯೋಜಿತವಾಗಿತ್ತೆಂಬ ಪ್ರಶ್ನೆಯನ್ನು ಈ ಎರಡು ಸಂಗತಿಗಳನ್ನು ಕೂಡಿಸಿಯೇ ವಿಚಾರಿಸಬೇಕು. ಎರಡು ಮೂರು ಶತಮಾನ ಕಳೆದರೆ ಸಂಕ್ರಾಂತಿ ಜನವರಿ 18ಕ್ಕೆ ಹತ್ತಿರವಾಗುವುದು. ಕಿರಣ ಮಾತ್ರ ಇಂದಿನ ದಿನಗಳಲ್ಲಿಯೇ ಬೀಳುವುದು.

ಅಷ್ಟರಲ್ಲಿ ಸೂರ್ಯಸಿದ್ಧಾಂತದ ತೂಗಾಟದ ಮತಕ್ಕೂ ಪರೀಕ್ಷೆಯ ಕಾಲ ಬಂದಿರುವುದು. 499ರಿಂದ ವರ್ಷಕ್ಕೆ 54 ವಿಕಲೆಯಂತೆ 27 ಅಂಶ ತುಂಬಲು 1800 ವರ್ಷಗಳು ಸಾಕು; ಆ ಗ್ರಂಥದ ಪ್ರಕಾರ 2299ರಲ್ಲಿ ಸಂಪಾತವು ನಿಂತು, ಪೂರ್ವಾಭಿಮುಖವಾಗಿ ಹಿಂದಿರುಗಲು ತೊಡಗಬೇಕು. ಚಂದ್ರ ಸೂರ್ಯರ ಆಕರ್ಷಣೆಯನ್ನು ಗಣಿಸಿದವರ ಪ್ರಕಾರ ಅದು ನಿಲ್ಲದು, ತಿರುಗದು. ದಿನವೂ ಶಂಕುವಿನ ನೆರಳನ್ನು ಗುರುತುಮಾಡುವ ವರಾಹಮಿಹಿರನ ಕ್ರಮವನ್ನು ನಮ್ಮ ಯಾವುದಾದರೂ ಪಾಠಶಾಲೆ ಈಗಿನಿಂದಲೇ ಆರಂಭಿಸಿ ಲೆಕ್ಕವನ್ನು ಕಾಪಿಟ್ಟರೆ, ಆ ವರ್ಷದ ಪಂಚಾಂಗಕರ್ತನ ಕೈಯಲ್ಲಿ ಮೂರು ಶತಮಾನಗಳಿಗೆ ಹತ್ತಿರವಾದ ಅಖಂಡ ದಾಖಲೆ ಇರುವುದು. ತಿಮೋಖಾರಿಸನಿಗೂ ಹಿಪ್ಪಾರ್ಕಸನಿಗೂ ನಡುವೆ ಇದ್ದುದು ಅದರ ಅರ್ಧದಷ್ಟು ಕಾಲ.